ದಾಖಲೆ ಇಲ್ಲ ಅಂದಮಾತ್ರಕ್ಕೆ ನೆಲ ನಡುಗೇ ಇಲ್ಲ ಅಂತ ಬರೀಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಲಘು ಕಂಪನದ ಸುದ್ದಿ ಬಂದಿತ್ತು. ಅದರ ಕೊನೇ ಸಾಲು ಓದಿದ ಮೇಲೆ ಈ ಪತ್ರ ಬರೀದೆ ಇರೋಕೆ ಆಗ್ಲಿಲ್ಲ. ಈ ಭಾಗದಲ್ಲಿ ಹಿಂದೆಂದೂ ಭೂಕಂಪ ಆದ ಉದಾಹರಣೆ ಇಲ್ಲ, ಜನ ಆತಂಕ ಪಡಬೇಕಿಲ್ಲ ಅಂತ ಇತ್ತು. ಆತಂಕ ಬೇಡ ಅನ್ನೋದು ಸರಿ, ಸಣ್ಣ ಕಂಪನಕ್ಕೆಲ್ಲ ಊರು ಬಿಟ್ಟು ಓಡೋದು ಬೇಡವೇ ಬೇಡ. ಆದ್ರೆ ಆ "ಹಿಂದೆಂದೂ" ಅನ್ನೋ ಪದವನ್ನ ನಿಮ್ಮ ವರದಿಗಾರರು ಎಲ್ಲಿಂದ ತಂದ್ರು? ಎಷ್ಟು ವರ್ಷ ಹಿಂದಿನವರೆಗೆ ಯಾವ ಪುಸ್ತಕ, ಯಾವ ಕಡತ ನೋಡಿ ಬರೆದ್ರು? ನನಗೆ ಗೊತ್ತಿರೋ ಮಟ್ಟಿಗೆ ನಮ್ಮ ಭಾಗದ ಹಳೇ ಕಂಪನಗಳ ಬಗ್ಗೆ ಯಾರೂ ಕೂತು ಪೂರ್ತಿ ಹುಡುಕಿದ್ದೇ ಇಲ್ಲ. ಹುಡುಕದೇ ಇರೋದನ್ನ ನಡೆದೇ ಇಲ್ಲ ಅಂತ ಬರೆದುಬಿಟ್ರೆ ಅದನ್ನೇ ನಂಬಿ ನಾಳೆ ಯಾರೋ ಮನೆ ಕಟ್ತಾರೆ.

ನಾನು ಆಳಂದ ತಾಲ್ಲೂಕಿನವನು, ಹೈಸ್ಕೂಲಲ್ಲಿ ವಿಜ್ಞಾನ ಪಾಠ ಹೇಳ್ತಿದ್ದೆ, ಈಗ ನಿವೃತ್ತಿ ಆಗಿದೆ. 1993ರ ಸೆಪ್ಟೆಂಬರ್ 30, ಗುರುವಾರ, ಬೆಳಗಿನ ಜಾವ 3 ಗಂಟೆ 56 ನಿಮಿಷ. ಹಿಂದಿನ ದಿನ ಅನಂತ ಚತುರ್ದಶಿ, ಗಣಪತಿ ಕಳಿಸಿ ಬಂದು ಮಲಗಿದ್ವಿ. ನಮ್ಮದು ಕಲ್ಲು-ಮಣ್ಣಿನ ದಪ್ಪ ಗೋಡೆಯ ಮಾಳಿಗೆ ಮನೆ, ತೊಲೆ ಜಂತಿ ಮೇಲೆ ಮಣ್ಣು ಹಾಕಿದ್ದು. ನನಗೆ ಮೊದಲು ಎಚ್ಚರ ಆಗಿದ್ದು ಅಲುಗಾಟಕ್ಕಲ್ಲ, ಸದ್ದಿಗೆ. ಯಾರೋ ಲಾರಿಯಿಂದ ಕಲ್ಲು ಸುರೀತಿದಾರೆ ಅನ್ನೋ ಹಾಗಿತ್ತು. ಆಮೇಲೆ ಅಡಿಗೆಮನೆ ಅಟ್ಟದ ಮೇಲಿದ್ದ ತಾಮ್ರದ ಕೊಡಗಳು ಒಂದಕ್ಕೊಂದು ತಾಕಿ ಗಣಗಣ ಅಂದ್ವು, ಜಂತಿ ಸಂದಿಯಿಂದ ಹುಡಿಮಣ್ಣು ಮುಖದ ಮೇಲೆ ಬಿತ್ತು. "ಏಳ್ರಿ, ನೆಲ ಅಲುಗ್ಲಕತ್ತದ" ಅಂತ ಅವ್ವ ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ. ಅಂಗಳಕ್ಕೆ ಬರೋಷ್ಟರಲ್ಲಿ ಎಲ್ಲ ನಿಂತುಹೋಗಿತ್ತು, ಎಮ್ಮೆ ಮಾತ್ರ ಕಣ್ಣಿ ಜಗ್ತಾನೇ ಇತ್ತು. ಹಿತ್ತಲ ಗೋಡೆ ಬಿದ್ದಿದ್ದು ಗೊತ್ತಾಗಿದ್ದು ಬೆಳಕು ಹರಿದ ಮೇಲೆ. ಮಧ್ಯಾಹ್ನ ರೇಡಿಯೋ ಕೇಳಿದಾಗ ಕಿಲ್ಲಾರಿ ಅನ್ನೋ ಹೆಸರು ಬಂತು. ನಮ್ಮಿಂದ ಉತ್ತರಕ್ಕೆ, ಗಡಿಯಾಚೆ ಮಹಾರಾಷ್ಟ್ರದಲ್ಲಿ, ದೂರ ಏನಲ್ಲ. ನಮ್ಮನೆ ಥರದ್ದೇ ಮನೆಗಳು ಅಲ್ಲಿ ಮಲಗಿದವರ ಮೇಲೇ ಕೂತುಬಿಟ್ಟಿದ್ವು. ಸತ್ತವರು ಸುಮಾರು 10,000.

ಇಷ್ಟೆಲ್ಲ ಹೇಳೋಕೆ ಕಾರಣ ಇದೆ. ಎರಡು ವರ್ಷದ ಹಿಂದೆ ನನಗೊಂದು ಯೋಚನೆ ಬಂತು, ಆವತ್ತು ನಮ್ಮೂರಲ್ಲಿ ಏನೇನಾಯ್ತು ಅಂತ ಬರಹದಲ್ಲಿ ಎಲ್ಲಾದ್ರೂ ಇದೆಯಾ ನೋಡೋಣ ಅಂತ. 1993 ಅಂದ್ರೆ ಏನು ಪುರಾಣ ಕಾಲವಾ, ಟಿವಿ ಇತ್ತು, ಫೋನ್ ಇತ್ತು, ದಿನಪತ್ರಿಕೆ ಬರ್ತಿತ್ತು. ಮೊದಲು ಊರಿನ ಕಚೇರಿಯಲ್ಲಿ ಕೇಳ್ದೆ, ಹಳೇ ದಫ್ತರ ಎಲ್ಲ ಗೆದ್ದಲು ಹಿಡಿದು ಹೋಗಿದೆ ಅಂದ್ರು. ಶಾಲೆಯ ಹಳೇ ಹಾಜರಿ ಪುಸ್ತಕದಲ್ಲಿ ಆ ದಿನದ ಕಾಲಂ ಮೇಲೆ "ರಜೆ" ಅಂತ ಅಡ್ಡಗೆರೆ ಎಳೆದಿತ್ತು, ಯಾಕೆ ರಜೆ ಅಂತ ಇಲ್ಲ. ಗುಡಿಯ ಲೆಕ್ಕದಲ್ಲಿ ಏನೂ ಇಲ್ಲ. ಒಂದು ಗ್ರಂಥಾಲಯದಲ್ಲಿ ಆ ವರ್ಷದ ಪೇಪರ್ ಬೈಂಡು ಕೇಳಿದ್ರೆ ಜಾಗ ಇಲ್ಲ ಅಂತ ರದ್ದಿಗೆ ಹಾಕಿದೀವಿ ಅಂತ ತುಂಬಾ ಸಲೀಸಾಗಿ ಹೇಳಿದ್ರು, ನನಗೆ ಹೊಟ್ಟೆ ಉರಿದುಹೋಯ್ತು. ಕೊನೆಗೆ ಸಿಕ್ಕಿದ್ದು ನಮ್ಮನೇಲೇ. ಅಪ್ಪನ ಕಿರಾಣಿ ಅಂಗಡಿ ಕಿರ್ದಿ, ಅಂದ್ರೆ ದಿನದ ಲೆಕ್ಕದ ಪುಸ್ತಕ, ಕೆಂಪು ಬಟ್ಟೆ ರಟ್ಟಿನದು, ಮೂಲೆಯೆಲ್ಲ ಇಲಿ ಕಡಿದಿದೆ. ಅದರಲ್ಲಿ ಅಕ್ಟೋಬರ್ 4ನೇ ತಾರೀಕಿನ ಖರ್ಚಿನ ಕಡೆ ಅಪ್ಪನ ಅಕ್ಷರದಲ್ಲಿ "ಹಿತ್ತಲ ಗೋಡಿ ಕಟ್ಟಿಸಿದ್ದು, ಗೌಂಡಿ 2 ದಿನ, ಆಳು 4" ಅಂತ ಇದೆ. ಕೆಳಗೆ ಬೆಲ್ಲದ ಪೆಂಟಿ ಲೆಕ್ಕ. ಅಷ್ಟೇ. ಇಡೀ ಕಿರ್ದಿಯಲ್ಲಿ ಭೂಕಂಪ ಅನ್ನೋ ಪದವೇ ಇಲ್ಲ.

ಆ ಸಾಲು ನೋಡ್ತಾ ಬಹಳ ಹೊತ್ತು ಕೂತೆ. ಸಾವಿರಾರು ಜನ ಸತ್ತ ಭೂಕಂಪ, ದೇಶವೇ ತಿರುಗಿ ನೋಡಿದ್ದು, ಅದು ನಮ್ಮೂರಿನ ಬರಹದಲ್ಲಿ ಉಳಿದಿದ್ದು ಕಾರಣ ಬರೀದ ಒಂದು ರಜೆ, ಕಾರಣ ಬರೀದ ಒಂದು ಗೋಡೆ ಕೂಲಿ. ನಾನು ಹುಡುಕಿದ್ದು ಐದು ಕಡೆ, ಸುಳಿವು ಸಿಕ್ಕಿದ್ದು ಎರಡು ಕಡೆ, ಭೂಕಂಪ ಅಂತ ಬಾಯಿಬಿಟ್ಟು ಹೇಳಿದ್ದು ಸೊನ್ನೆ ಕಡೆ. ಮೂವತ್ತು ವರ್ಷದ ಹಿಂದಿನ, ದಿನ ಗಂಟೆ ನಿಮಿಷ ಎಲ್ಲ ಗೊತ್ತಿರೋ ದೊಡ್ಡ ಭೂಕಂಪದ ಕಥೆಯೇ ಹೀಗಾದ್ರೆ, ನೂರೈವತ್ತು ಇನ್ನೂರು ವರ್ಷದ ಹಿಂದಿನ ಮಧ್ಯಮ ಗಾತ್ರದ್ದು ಯಾರ ಬರಹದಲ್ಲಿ ಉಳಿದಿರುತ್ತೆ ಹೇಳಿ. ಕಳೆದುಹೋಗಿದ್ದು ಎಷ್ಟು ಅಂತ ಅಂದಾಜು ಮಾಡೋಕೆ ಇದೇ ಮೊದಲನೇ ದಾರಿ ಅಂತ ನನಗೆ ಅನ್ಸುತ್ತೆ, ಗೊತ್ತಿರೋ ಒಂದು ಭೂಕಂಪ ಹಿಡ್ಕೊಂಡು ಹತ್ತಾರು ಊರಲ್ಲಿ ಹುಡುಕಿ ನೋಡೋದು, ಎಷ್ಟು ಊರಲ್ಲಿ ಬರಹ ಉಳಿದಿದೆ, ಎಷ್ಟರಲ್ಲಿ ಇಲ್ಲ ಅಂತ. ಆಗ ನಮ್ಮ ಜರಡಿಯ ತೂತು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು, ಯಾಕಂದ್ರೆ ಪೇಪರಲ್ಲೂ ಇದು ಪದೇಪದೇ ಕಲಸಿಹೋಗುತ್ತೆ. ರಿಕ್ಟರ್ ಪ್ರಮಾಣ ಅಂತ ಬರೀತೀರಲ್ಲ, ಅದು ಇಡೀ ಭೂಕಂಪಕ್ಕೆ ಒಂದೇ ಸಂಖ್ಯೆ. ತೀವ್ರತೆ ಅನ್ನೋದು ಬೇರೆ, ಅದು ಊರೂರಿಗೂ ಬೇರೆ ಬೇರೆ. ಜಾತ್ರೆಯ ಮೈಕ್ ಸೆಟ್ ಒಂದೇ ಜೋರಲ್ಲಿ ಇಟ್ಟಿರ್ತಾರೆ, ಗುಡಿ ಪಕ್ಕದ ಮನೆಗೆ ಕಿವಿ ಕಿತ್ತುಹೋಗುತ್ತೆ, ಹೊಲದಲ್ಲಿರೋನಿಗೆ ಗುಂಯ್ ಅನ್ನುತ್ತೆ, ಹಾಗೆ. ತೀವ್ರತೆ ಅಳೆಯೋಕೆ ಮರ್ಕಾಲಿ ಅಂತ 12 ಮೆಟ್ಟಿಲಿನ ಅಳತೆ ಇದೆ, ಅದಕ್ಕೆ ಯಂತ್ರ ಬೇಡ, ಜನ ಕಂಡಿದ್ದು ಸಾಕು. ಪಾತ್ರೆ ಕಿಟಕಿ ಗಡಗಡ ಅಂದ್ರೆ 4, ಮಲಗಿದ ಹೆಚ್ಚಿನವರು ಎದ್ರೆ 5, ಅಲ್ಲಲ್ಲಿ ಗಿಲಾವು ಉದುರಿದ್ರೆ 6, ಕಚ್ಚಾ ಗೋಡೆ ಬಿದ್ರೆ 7, ಹೀಗೆ ಮೇಲಕ್ಕೆ ಹೋಗುತ್ತೆ. ಎರೆಮಣ್ಣಿನ ಮೇಲೆ ಕೂತ ಮನೆಗೂ ಬಂಡೆ ಮೇಲೆ ಕೂತ ಮನೆಗೂ ಒಂದೇ ಊರಲ್ಲೇ ವ್ಯತ್ಯಾಸ ಬರುತ್ತೆ. ಹಾಗಾಗಿ ಹಳೇ ಕಾಲದ ಭೂಕಂಪಕ್ಕೆ ಯಂತ್ರದ ಲೆಕ್ಕ ಇಲ್ದಿದ್ರೂ, ಗೌಂಡಿ ಕೂಲಿಯ ಒಂದು ಸಾಲು ಸಿಕ್ರೆ ಅದು ಆ ಊರಿಗೆ ಒಂದು ಅಂಕ ಕೊಡುತ್ತೆ. ಅಪ್ಪನ ಕಿರ್ದಿ ನಮ್ಮೂರಿಗೆ 6 ಅಥವಾ 7 ಕೊಡ್ತು.

ಈಗ ನಿಮ್ಮ ಪತ್ರಿಕಾ ವೃತ್ತಿಗೇ ಸಂಬಂಧಪಟ್ಟ ಒಂದು ಮಾತು. ಜುಲೈ 1 ಪತ್ರಿಕಾ ದಿನ, ಯಾಕಂದ್ರೆ 1843ರ ಜುಲೈ 1ಕ್ಕೆ ಮಂಗಳೂರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರ ಸಮಾಚಾರ ಶುರು ಮಾಡಿದ್ರು, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಲ್ಲಿ ಹದಿನೈದು ದಿನಕ್ಕೊಂದ್ಸಲ ಬರ್ತಿತ್ತು. ಇದು ನಿಮಗೆ ಗೊತ್ತಿರೋದೇ. ಆದ್ರೆ ಅದಕ್ಕೆ ಸರಿಯಾಗಿ ಮೂರು ತಿಂಗಳ ಹಿಂದೆ, ಅದೇ 1843ರ ಏಪ್ರಿಲ್ 1ಕ್ಕೆ ಬಳ್ಳಾರಿಯಲ್ಲಿ ಭೂಕಂಪ ಆಗಿತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಪಟ್ಟಿಗಳಲ್ಲಿ ಅದಕ್ಕೆ ತೀವ್ರತೆ 7 ಅಂತ ಕೊಟ್ಟಿದಾರೆ, ಅಂದ್ರೆ ಕಚ್ಚಾ ಗೋಡೆ ಬೀಳೋ ಮಟ್ಟ, ಕರ್ನಾಟಕದೊಳಗೆ ಹುಟ್ಟಿದ ಹಳೇ ಭೂಕಂಪಗಳಲ್ಲಿ ದೊಡ್ಡವುಗಳ ಪೈಕಿ ಇದೊಂದು. ಮುಂದಿನ ವರ್ಷ ಆ ಪತ್ರಿಕೆಯೇ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಅಂತ ಹೆಸರು ಬದಲಾಯಿಸ್ಕೊಂಡು ಅಚ್ಚಾಯ್ತು. ಒಂದೇ ಒಂದು ವರ್ಷ ಮೊದಲು ಹೋಗಿದ್ರೆ ಬಳ್ಳಾರಿಯ ಯಾವ ಪೇಟೆಯಲ್ಲಿ ಏನು ಬಿತ್ತು, ಹಂಪಿ ಕಡೆ ಜನ ಏನು ಕಂಡ್ರು, ತುಂಗಭದ್ರೆ ಆಚೆ ಗೊತ್ತಾಯ್ತಾ ಇಲ್ವಾ ಅಂತ ಕನ್ನಡದಲ್ಲೇ ಓದಬಹುದಿತ್ತು. ಇದನ್ನ ನೆನೆಸ್ಕೊಂಡಾಗೆಲ್ಲ ನನಗೆ ಸಂಕಟ ಆಗುತ್ತೆ.

ಆ ಭೂಕಂಪದ ಸುದ್ದಿಯಾದ್ರೂ ಉಳೀತು ಹೇಗೆ? ಬಳ್ಳಾರಿ 1800ರಿಂದ ಕಂಪನಿ ಕೈಯಲ್ಲಿತ್ತು, ಮದ್ರಾಸ್ ಪ್ರಾಂತ್ಯ, ಅಲ್ಲಿ ದಂಡು ಇತ್ತು, ಇಂಗ್ಲಿಷ್ ಬರೆಯೋ ಅಧಿಕಾರಿಗಳಿದ್ರು, ಅವರು ಕಾಗದ ಬರೆದ್ರು. ಭಾರತದ ಹಳೇ ಭೂಕಂಪಗಳ ಮೊದಲ ದೊಡ್ಡ ಪಟ್ಟಿ ಮಾಡಿದ್ದು ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯ ಥಾಮಸ್ ಓಲ್ಡ್‌ಹ್ಯಾಮ್, ಆದಿಕಾಲದಿಂದ 1869ರವರೆಗಿನದು, ಅವರು ತೀರಿಹೋದ ಮೇಲೆ ಮಗ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ 1883ರಲ್ಲಿ ಅಚ್ಚು ಹಾಕಿಸಿದ್ರು. ದೊಡ್ಡ ಕೆಲಸ, ಇವತ್ತಿಗೂ ಎಲ್ಲರೂ ಅಲ್ಲಿಂದಲೇ ಶುರು ಮಾಡ್ತಾರೆ. ಆದ್ರೆ ಅಂಥ ಪಟ್ಟಿಗೆ ಸೇರೋಕೆ ನಮ್ಮೂರ ಕಂಪನ ಮೊದಲು ಇಂಗ್ಲಿಷ್ ಕಾಗದಕ್ಕೋ ಪೇಪರಿಗೋ ಹತ್ತಬೇಕಿತ್ತು. ಆಗ ಈಗಿನ ಕರ್ನಾಟಕ ಎಷ್ಟು ಚೂರಾಗಿತ್ತು ನೋಡಿ. ನಮ್ಮ ಕಲಬುರಗಿ ಬೀದರ ರಾಯಚೂರು ನಿಜಾಮರದ್ದು, ಆಡಳಿತ ಪಾರಸಿ, ಆಮೇಲೆ ಉರ್ದು. ಬೆಳಗಾವಿ ಧಾರವಾಡ ವಿಜಯಪುರ ಮುಂಬಯಿ ಪ್ರಾಂತ್ಯ, ಲೆಕ್ಕಪತ್ರ ಮರಾಠಿಯ ಮೋಡಿ ಲಿಪಿಯಲ್ಲಿ. ಮೈಸೂರು ಸೀಮೆ ಕನ್ನಡದ ಕಡತ. ಇಷ್ಟು ಭಾಷೆ ಲಿಪಿ ಎಲ್ಲ ಓದಬಲ್ಲವರು ಯಾರೂ ಭೂಕಂಪ ಅನ್ನೋ ಕಣ್ಣಿಂದ ಅವನ್ನ ಓದಿಲ್ಲ, ಭೂಕಂಪ ಬಲ್ಲವರಿಗೆ ಆ ಲಿಪಿಗಳು ಬರಲ್ಲ. ನಕ್ಷೆ ಮೇಲೆ ಹಳೇ ಭೂಕಂಪದ ಚುಕ್ಕೆಗಳು ದಂಡು ಇದ್ದ ಊರು, ಕಲೆಕ್ಟರ್ ಕೂತ ಊರಿನ ಸುತ್ತ ಕಾಣಿಸಿಕೊಂಡ್ರೆ ಅದು ಭೂಮಿಯ ಗುಣವೋ ಬರೆಯೋರು ಇದ್ದ ಜಾಗದ ಗುಣವೋ ಅಂತ ಮೊದಲು ಕೇಳಬೇಕು.

ಶಾಸನಗಳಲ್ಲಿ ಇರಬಹುದಲ್ಲ ಅಂತ ಸ್ನೇಹಿತರೊಬ್ಬರು ಕೇಳಿದ್ರು. ಒಳ್ಳೇ ಪ್ರಶ್ನೆ. ನಮ್ಮ ಶಾಸನಗಳಲ್ಲಿ ಸೂರ್ಯಗ್ರಹಣ, ಚಂದ್ರಗ್ರಹಣ, ಸಂಕ್ರಮಣ ಬೇಕಾದಷ್ಟು ಬರುತ್ತೆ, ಯಾಕಂದ್ರೆ ದಾನ ಕೊಡೋಕೆ ಅದು ಪುಣ್ಯಕಾಲ. ಹಾಗಾಗಿ ಗ್ರಹಣದ ಲೆಕ್ಕ ಕಲ್ಲಿನ ಮೇಲೆ ಉಳೀತು. ಭೂಕಂಪ ಹೇಳಿ ಬರಲ್ಲ, ಅದಕ್ಕೆ ದಾನದ ಮುಹೂರ್ತ ಇಡೋಕಾಗಲ್ಲ. ಆದ್ರೆ ಗುಡಿ "ಜೀರ್ಣವಾಗಿರಲು" ದುರಸ್ತಿ ಮಾಡಿಸಿದ್ರು ಅನ್ನೋ ಥರದ ಮಾತು ಇರೋ ಕಡೆ, ಒಂದೇ ಸೀಮೆಯಲ್ಲಿ ಒಂದೇ ಕಾಲಕ್ಕೆ ಐದಾರು ಗುಡಿ ಕೆರೆ ಏರಿ ದುರಸ್ತಿ ಬಂದ್ರೆ ಯಾಕೆ ಅಂತ ಅನುಮಾನ ಪಡಬೇಕು. ಮಳೆಯೋ, ದಂಡಯಾತ್ರೆಯೋ, ಇನ್ನೇನೋ ಇರಬಹುದು, ನೆಲವೂ ಇರಬಹುದು. ಕಂಪನಿ ಕಾಲದ ಅಧಿಕಾರಿ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳು (ಊರೂರಿನ ಚರಿತ್ರೆಯ ಬರಹಗಳು), ಮಠಗಳ ಕಡತಗಳು, ಶಾನುಭೋಗರ ಮನೆತನದ ಅಟ್ಟದ ಮೇಲಿನ ಗಂಟುಗಳು, ಇವನ್ನೆಲ್ಲ ಅಪ್ಪನ ಕಿರ್ದಿ ಓದಿದ ಹಾಗೇ ಓದಬೇಕು, ಭೂಕಂಪ ಅನ್ನೋ ಪದ ಹುಡುಕಬಾರದು, ಗೌಂಡಿ ಕೂಲಿ ಹುಡುಕಬೇಕು.

ಇನ್ನು ಲೆಕ್ಕದ ವಿಷಯ. ಕಳೆದುಹೋದದ್ದನ್ನ ಎಣಿಸೋದು ಹೇಗೆ ಅಂತ ಮಕ್ಕಳು ಕೇಳ್ತಿದ್ರು, ನಾನು ಹಾಜರಿ ಪುಸ್ತಕದ ಉದಾಹರಣೆ ಕೊಡ್ತಿದ್ದೆ. ಜನವರಿಯಿಂದ ಈಚೆಗೆ ದಿನಾ 40 ಮಕ್ಕಳು ಬಂದಿದಾರೆ, ಅದೇ ಕ್ಲಾಸು, ಅದೇ ಊರು, ಆದ್ರೆ ಜೂನ್ ತಿಂಗಳ ಪುಟದಲ್ಲಿ ದಿನಾ ಆರೇ ಹೆಸರಿಗೆ ಟಿಕ್ ಇದೆ. ಜೂನಲ್ಲಿ ಮಕ್ಕಳು ಬರಲಿಲ್ವೋ, ಮೇಷ್ಟ್ರು ಹಾಜರಿ ಹಾಕಲಿಲ್ವೋ? ಭೂಕಂಪದ ಪಟ್ಟಿಗೂ ಇದನ್ನೇ ಮಾಡ್ತಾರೆ, 1972ರಲ್ಲಿ ಸ್ಟೆಪ್ ಅನ್ನೋ ವಿಜ್ಞಾನಿ ಕೊಟ್ಟ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಈಚಿನ 10 ವರ್ಷ, 20 ವರ್ಷ, 30 ವರ್ಷ ಅಂತ ಹಿಂದಕ್ಕೆ ಹೋಗ್ತಾ ವರ್ಷಕ್ಕೆ ಸರಾಸರಿ ಎಷ್ಟು ಅಂತ ನೋಡ್ತಾ ಬರೋದು. ಎಲ್ಲಿವರೆಗೆ ಸರಾಸರಿ ನಿಲ್ಲುತ್ತೋ ಅಲ್ಲಿವರೆಗೆ ಪಟ್ಟಿ ಪೂರ್ತಿ ಇದೆ, ಎಲ್ಲಿಂದ ಕುಸಿಯೋಕೆ ಶುರುವಾಗುತ್ತೋ ಅಲ್ಲಿಂದ ಹಿಂದೆ ಹಾಜರಿ ಹಾಕಿಲ್ಲ. ಸಣ್ಣವಕ್ಕೆ ಈ ಗಡಿ ಬಹಳ ಈಚೆಗೆ ಬರುತ್ತೆ, ದೊಡ್ಡವಕ್ಕೆ ಹಿಂದೆ ಹೋಗುತ್ತೆ, ಯಾಕಂದ್ರೆ ದೊಡ್ಡದನ್ನ ಮರೆಯೋದು ಕಷ್ಟ.

ಲೆಕ್ಕ ಮಾಡೋ ರೀತಿ ತೋರಿಸೋಕೆ ಅಂತ ಸುಮ್ಮನೆ ಒಂದು ಸಂಖ್ಯೆ ಹಿಡೀರಿ, ಇದು ನಿಜವಾದ ಅಂಕಿ ಅಲ್ಲ. ಯಂತ್ರ ಇರೋ ಈಚಿನ 30 ವರ್ಷದಲ್ಲಿ ಒಂದು ಸೀಮೆಯಲ್ಲಿ ಪ್ರಮಾಣ 4 ದಾಟಿದ ಕಂಪನ 6 ಆಗಿವೆ ಅಂತ ಇಟ್ಕೊಳ್ಳಿ. ಆ ಲೆಕ್ಕದಲ್ಲಿ ನೂರು ವರ್ಷಕ್ಕೆ 20 ಬರಬೇಕು. ಹತ್ತೊಂಬತ್ತನೇ ಶತಮಾನದ ಪಟ್ಟಿಯಲ್ಲಿ ಸಿಕ್ಕಿದ್ದು 4 ಅಂದ್ರೆ ಸುಮಾರು 16 ಕಾಣೆಯಾಗಿವೆ. ಇದರ ಜೊತೆ ಗುಟೆನ್‌ಬರ್ಗ್ ಮತ್ತು ರಿಕ್ಟರ್ ಕಂಡುಕೊಂಡ ನಿಯಮ ಇದೆ, ಪ್ರಮಾಣ ಒಂದು ಅಂಕ ಇಳಿದ್ರೆ ಸಂಖ್ಯೆ ಸುಮಾರು ಹತ್ತು ಪಟ್ಟು ಏರುತ್ತೆ, 5ರದ್ದು ಒಂದಾದ್ರೆ 4ರದ್ದು ಹತ್ತರ ಹತ್ತಿರ. ಹಳೇ ಪಟ್ಟಿಯಲ್ಲಿ 5ರದ್ದು ಎರಡಿದ್ದು 4ರದ್ದು ಮೂರೇ ಇದ್ರೆ ಲೆಕ್ಕ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತೆ. ಹಾಗಂತ ಈ ಲೆಕ್ಕವನ್ನ ಕಣ್ಣುಮುಚ್ಚಿ ನಂಬೋಕೂ ಆಗಲ್ಲ, ನಮ್ಮ ದಖನ್ ಕಡೆ ಭೂಕಂಪಗಳೇ ಕಡಿಮೆ, ಅದೂ ಸರತಿ ಸಾಲಲ್ಲಿ ಬರಲ್ಲ, ಬಂದ್ರೆ ಗುಂಪಾಗಿ ಬರುತ್ತೆ, ಆಮೇಲೆ ಎಷ್ಟೋ ವರ್ಷ ಸುಮ್ಮನಿರುತ್ತೆ. 16 ಅಂತ ಬಂದ್ರೆ ಅದು 8 ಇರಬಹುದು 25 ಇರಬಹುದು. ಆದ್ರೂ ಸೊನ್ನೆ ಅಲ್ಲ, ನನ್ನ ತಕರಾರು ಇರೋದು ಆ ಸೊನ್ನೆ ಬಗ್ಗೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಒಂದಿದೆ, ಅದಕ್ಕೆ ಕಾಲೇಜು ಗಣಿತ ಬೇಡ. ಭೂಮಿಗೆ ಹಗಲು ರಾತ್ರಿ ಗೊತ್ತಿಲ್ಲ. ಸಾಕಷ್ಟು ಭೂಕಂಪ ಸೇರಿಸಿದ್ರೆ ಹಗಲು ಅರ್ಧ ರಾತ್ರಿ ಅರ್ಧ ಇರಬೇಕು. ಆದ್ರೆ ಜನ ಹೇಳಿದ್ದನ್ನೇ ನಂಬಿ ಮಾಡಿದ ಹಳೇ ಪಟ್ಟಿಗಳಲ್ಲಿ ಸಣ್ಣ ಕಂಪನಗಳು ರಾತ್ರಿ ಹೊತ್ತು ಜಾಸ್ತಿ ಕಾಣಿಸ್ತವೆ. ಯಾಕೆ ಅಂದ್ರೆ ರಾತ್ರಿ ನಿಶ್ಶಬ್ದ, ನೆಲಕ್ಕೆ ಬೆನ್ನು ಕೊಟ್ಟು ಮಲಗಿರ್ತೀವಿ, ಕೊಡ ಗಣ್ ಅಂದ್ರೂ ಕೇಳ್ಸುತ್ತೆ. ಹಗಲು ಹೊಲದಲ್ಲಿ ಕಳೆ ತೆಗೀತಿದ್ದೋರಿಗೆ, ಬಂಡಿ ಮೇಲೆ ಕೂತೋರಿಗೆ, ಸಂತೆಯಲ್ಲಿ ಇದ್ದೋರಿಗೆ ಗೊತ್ತೇ ಆಗಲ್ಲ. ಒಂದು ಸೀಮೆಯ ಪಟ್ಟಿಯಲ್ಲಿ ರಾತ್ರಿಯವು 12, ಹಗಲಿನವು 5 ಅಂತ ಸಿಕ್ರೆ ಆ ಏಳರ ವ್ಯತ್ಯಾಸ ಇದೆಯಲ್ಲ, ಕಳೆದುಹೋಗಿದ್ದು ಕನಿಷ್ಠ ಅಷ್ಟಾದ್ರೂ ಇದೆ ಅಂತ ತಿಳೀಬಹುದು. ಪಟ್ಟಿಯೇ ತನ್ನಲ್ಲಿ ಏನಿಲ್ಲ ಅಂತ ಬಾಯಿಬಿಡುತ್ತೆ.

ಉಲ್ಟಾ ತಪ್ಪೂ ಇದೆ, ಅದನ್ನ ಮುಚ್ಚಿಟ್ರೆ ನನ್ನ ಮಾತು ಅರ್ಧ ಆಗುತ್ತೆ. ಆಗದೇ ಇದ್ದದ್ದೂ ಪಟ್ಟಿ ಸೇರಿರುತ್ತೆ. 1737ರಲ್ಲಿ ಕಲ್ಕತ್ತಾದಲ್ಲಿ ಭೂಕಂಪಕ್ಕೆ 3 ಲಕ್ಷ ಜನ ಸತ್ರು ಅಂತ ಎಷ್ಟೋ ಕಾಲ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗ್ತಾ ಬಂತು. ರೋಜರ್ ಬಿಲ್ಹಮ್ ಅನ್ನೋ ವಿಜ್ಞಾನಿ 1994ರಲ್ಲಿ ಹಳೇ ಕಾಗದಗಳನ್ನ ತೆಗೆದು ನೋಡಿದ್ರೆ ಆ ಅನಾಹುತ ಮಾಡಿದ್ದು ಚಂಡಮಾರುತ, ಆಗ ಆ ಊರಲ್ಲಿ ಅಷ್ಟು ಜನರೇ ಇರಲಿಲ್ಲ. ದೂರ ಯಾಕೆ, 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡು ಹತ್ರ ಸ್ಫೋಟಕ ಸಿಡಿದಾಗ ಸುತ್ತಿನ ಜಿಲ್ಲೆಯವರೂ ಭೂಕಂಪ ಅಂತಲೇ ಮನೆಯಿಂದ ಹೊರಗೆ ಓಡಿಬಂದಿದ್ರು. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಲ್ಲಿ ಕೇಳಿಸಿದ ದೊಡ್ಡ ಸದ್ದು ವಿಮಾನದ್ದು. ಈ ಎರಡೂ 1843ರಲ್ಲಿ ಆಗಿದ್ರೆ ಇಷ್ಟೊತ್ತಿಗೆ ಭೂಕಂಪ ಅಂತ ಪಟ್ಟಿಯಲ್ಲಿ ಕೂತಿರ್ತಿದ್ವು. ಈಗ ಯಂತ್ರ ಇದೆ, ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಅವತ್ತವತ್ತೇ ಹೇಳ್ತಾರೆ. ಗೌರಿಬಿದನೂರಲ್ಲಂತೂ 1960ರ ದಶಕದಿಂದಲೇ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನ ಮಾಪಕಗಳ ಸಾಲಿದೆ, ಪರಮಾಣು ಪರೀಕ್ಷೆ ಪತ್ತೆ ಹಚ್ಚೋಕೆ ಅಂತ ಹಾಕಿದ್ದು.

ಯಂತ್ರ ಬಂದಮೇಲೆ ಏನಾಗಿದೆ ನೋಡಿ. 2021ರ ಅಕ್ಟೋಬರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಜನ ಮನೆ ಬಿಟ್ಟು ಹೊರಗೆ ಮಲಗಿದ್ರು, ಅದಕ್ಕೂ ಮೊದಲೇ ನೆಲದೊಳಗಿಂದ ಸದ್ದು ಬರ್ತಿದೆ ಅಂತ ಹೇಳ್ಕೊಂಡು ಬಂದಿದ್ರು. ಅದೇ ವರ್ಷದ ಕೊನೆಗೆ ಚಿಕ್ಕಬಳ್ಳಾಪುರದ ಕಡೆ. 2022ರ ಜೂನ್ ಜುಲೈಯಲ್ಲಿ ಸಂಪಾಜೆ, ಚೆಂಬು, ಸುಳ್ಯ ಕಡೆ ಒಂದರ ಹಿಂದೆ ಒಂದು, ವಿಜಯಪುರದಲ್ಲೂ. ಇದೇನಿದು ಇದ್ದಕ್ಕಿದ್ದಂಗೆ ಕರ್ನಾಟಕ ನಡುಗೋಕೆ ಶುರುವಾಯ್ತು ಅಂತ ಟಿವಿಯಲ್ಲಿ ಗಂಟೆಗಟ್ಟಲೆ ಮಾತಾಡಿದ್ರು. ಇವುಗಳಲ್ಲಿ ಬಹುಪಾಲು ಪ್ರಮಾಣ 2, 3ರ ಆಸುಪಾಸಿನವು. ನೂರು ವರ್ಷದ ಹಿಂದೆ ಚೆಂಬುವಿನ ಅಡಿಕೆ ತೋಟದಲ್ಲಿ 3ರ ಕಂಪನ ಆಗಿದ್ರೆ ಯಾರು ಬರೆದಿಡ್ತಿದ್ರು, ಗುಡುಗು ಅಂದ್ಕೊಂಡು ಸುಮ್ಮನಾಗಿರ್ತಿದ್ರು. ಜಾಸ್ತಿ ಆಗ್ತಿದೆ ಅನ್ನೋಕೆ ಮೊದಲು ಎಷ್ಟು ಆಗ್ತಿತ್ತು ಅಂತ ಗೊತ್ತಿರಬೇಕು, ಅದೇ ಗೊತ್ತಿಲ್ಲದಾಗ ಜಾಸ್ತಿ ಅನ್ನೋದಕ್ಕೂ ಆಧಾರ ಇಲ್ಲ, ಹಿಂದೆಂದೂ ಆಗಿಲ್ಲ ಅನ್ನೋದಕ್ಕೂ ಇಲ್ಲ. ಎರಡೂ ಒಂದೇ ಖಾಲಿ ಪುಟದಿಂದ ಹುಟ್ಟಿದ ಮಾತು.

ಇದು ಬರೀ ಚರಿತ್ರೆಯ ಚಟ ಅಂತ ಯಾರಾದ್ರೂ ಅಂದ್ರೆ ಅವರಿಗೆ ಕಿಲ್ಲಾರಿ ತೋರಿಸ್ತೀನಿ. 1993ರಲ್ಲಿ ಜಾರಿಯಲ್ಲಿದ್ದ ಭೂಕಂಪ ವಲಯದ ನಕ್ಷೆಯಲ್ಲಿ 1ರಿಂದ 5ರವರೆಗೆ ವಲಯ ಇದ್ವು, ಕಿಲ್ಲಾರಿ ಇದ್ದದ್ದು 1ರಲ್ಲಿ, ಅಂದ್ರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗ. ದಖನ್ ಪ್ರಸ್ಥಭೂಮಿ ಗಟ್ಟಿ, ಇಲ್ಲಿ ಆಗಲ್ಲ ಅನ್ನೋ ನಂಬಿಕೆ. ಅದಕ್ಕೂ ಮೊದಲು 1967ರ ಡಿಸೆಂಬರ್ 11ರ ಬೆಳಗಿನ ಜಾವ ಮಹಾರಾಷ್ಟ್ರದ ಕೊಯ್ನಾದಲ್ಲಿ ಭೂಕಂಪ ಆಗಿ ನಕ್ಷೆ ತಿದ್ದಬೇಕಾಗಿ ಬಂತು, ಆದ್ರೂ ಕಿಲ್ಲಾರಿ 1ರಲ್ಲೇ ಉಳೀತು. 1992ರಲ್ಲಿ ಅಲ್ಲಿ ತಿಂಗಳುಗಟ್ಟಲೆ ಸಣ್ಣ ಕಂಪನ ಸದ್ದು ಆಗ್ತಾ ಇತ್ತು, ಅಕ್ಟೋಬರಲ್ಲಿ ಒಂದು ಜೋರಾಗೇ ಆಗಿತ್ತು. ಆಮೇಲೆ ನಿಂತಿತು, ಜನ ಮತ್ತೆ ಒಳಗೆ ಮಲಗೋಕೆ ಶುರು ಮಾಡಿದ್ರು. ಇಲ್ಲಿ ಹಿಂದೆ ದೊಡ್ಡದು ಆಗಿಲ್ಲ ಅನ್ನೋ ಮಾತಿಗೆ ಅಷ್ಟು ತೂಕ ಇತ್ತು. 6.2ರ ಭೂಕಂಪ ಆದಮೇಲೆ, 2002ರ ನಕ್ಷೆಯಲ್ಲಿ 1ನೇ ವಲಯ ಅನ್ನೋದನ್ನೇ ತೆಗೆದು 2ಕ್ಕೆ ಸೇರಿಸಿದ್ರು. ಭೂಮಿ ಬದಲಾಗಿದ್ದಲ್ಲ, ನಮ್ಮ ಪಟ್ಟಿಗೆ ಒಂದು ಸಾಲು ಸೇರಿತು ಅಷ್ಟೇ, ಆ ಸಾಲು ಮೊದಲೇ ಸಿಕ್ಕಿದ್ರೆ ಮಾಳಿಗೆ ಮೇಲಿನ ಮಣ್ಣನ್ನಾದ್ರೂ ಇಳಿಸಿ ಅಂತ ಯಾರಾದ್ರೂ ಹೇಳ್ತಿದ್ರೋ ಏನೋ.

ಹಾಗಾಗಿ ಸಂಪಾದಕರೇ, ನಿಮ್ಮಲ್ಲಿ ಕೇಳ್ಕೊಳ್ಳೋದು ಇದು. ಮುಂದೆ ಕಂಪನದ ಸುದ್ದಿ ಬಂದಾಗ ಹಿಂದೆಂದೂ ಆಗಿಲ್ಲ ಅಂತ ಬರೀಬೇಡಿ, ಇಂಥ ವರ್ಷದಿಂದ ಈಚೆಗೆ ದಾಖಲೆ ಇದೆ, ಅದಕ್ಕಿಂತ ಹಿಂದಿನದು ಹುಡುಕಿಲ್ಲ ಅಂತ ಬರೀರಿ, ಒಂದು ಸಾಲು ಜಾಸ್ತಿ ಆಗುತ್ತೆ ಅಷ್ಟೇ. ಎರಡನೇದು, ಗೊತ್ತಾಗಿಲ್ಲ ಅಂದವರನ್ನೂ ಬರೀರಿ. ವರದಿಗಾರರು ಯಾವಾಗಲೂ ಬಿರುಕು ಬಿಟ್ಟ ಗೋಡೆ ಮುಂದೆ ಹೋಗಿ ಫೋಟೋ ತೆಗೀತಾರೆ, ಪಕ್ಕದ ಊರಲ್ಲಿ ಏನೂ ಆಗಿಲ್ಲ ಅನ್ನೋದು ಸುದ್ದಿ ಅಲ್ಲ ಅಂತ ಬಿಟ್ಟುಬಿಡ್ತಾರೆ. ಐವತ್ತು ವರ್ಷ ಆದಮೇಲೆ ನೋಡೋರಿಗೆ ಆ ಪಕ್ಕದ ಊರಲ್ಲಿ ನಿಜವಾಗಲೂ ಏನೂ ಆಗಿರಲಿಲ್ವೋ, ಯಾರೂ ಹೋಗಿ ಕೇಳಿರಲಿಲ್ವೋ ಗೊತ್ತಾಗಲ್ಲ. ಪತ್ರಿಕೆಯ ಮೌನದಲ್ಲೂ ಎರಡು ಥರ ಇದೆ, ಆವತ್ತಿನ ಸಂಚಿಕೆ ಕೈಯಲ್ಲಿದ್ದು ಅದರಲ್ಲಿ ಆ ಊರಿನ ಜಾತ್ರೆ ಸುದ್ದಿ, ಹತ್ತಿ ಧಾರಣೆ ಎಲ್ಲ ಇದ್ದು ಕಂಪನದ ಸುದ್ದಿ ಮಾತ್ರ ಇಲ್ಲ ಅಂದ್ರೆ ಅದು ಒಂದು ಸಾಕ್ಷಿ, ಬಹುಶಃ ಅಲ್ಲಿ ಗೊತ್ತಾಗೋವಷ್ಟು ಆಗಿಲ್ಲ. ಸಂಚಿಕೆಯೇ ಇಲ್ಲ ಅಂದ್ರೆ ಅದು ಯಾವುದಕ್ಕೂ ಸಾಕ್ಷಿ ಅಲ್ಲ. ಈ ಎರಡನ್ನೂ ಒಂದೇ ಸೊನ್ನೆಯಾಗಿ ಬರೆದಿದ್ದೇ ನಮ್ಮ ಪಟ್ಟಿಗಳ ದೊಡ್ಡ ದೋಷ.

ಇನ್ನೊಂದು, ಹಳೇ ಸಂಚಿಕೆಗಳು ಎಲ್ಲೆಲ್ಲಿ ಉಳಿದಿದಾವೋ ಅಲ್ಲಿ ಕೆಲವು ತಾರೀಕುಗಳ ಅಕ್ಕಪಕ್ಕದ ವಾರ ತೆಗೆದು ನೋಡಿಸಿ. 1900ರ ಫೆಬ್ರವರಿ 8ಕ್ಕೆ ಕೊಯಮತ್ತೂರು ಕಡೆ ಆಗಿದ್ದು ದಕ್ಷಿಣ ಭಾರತದ ದೊಡ್ಡ ಭಾಗಕ್ಕೆ ಗೊತ್ತಾಗಿತ್ತು, ಆಗ ಮೈಸೂರು ಸೀಮೆಯಲ್ಲಿ ಕನ್ನಡ ಪತ್ರಿಕೆಗಳಿದ್ವು. 1916ರ ಜನವರಿ 7ಕ್ಕೆ ಬೆಂಗಳೂರು ಸುತ್ತ ಆಗಿದೆ ಅಂತ ಪಟ್ಟಿಯಲ್ಲಿದೆ. 1967ರ ಕೊಯ್ನಾ, 1993ರ ಕಿಲ್ಲಾರಿ. ಈ ತಾರೀಕುಗಳಿಗೆ ಯಾವ ಊರಿಂದ ಏನು ಸುದ್ದಿ ಬಂದಿತ್ತು, ಯಾವ ಊರಿಂದ ಬರಲಿಲ್ಲ ಅಂತ ಹಾಗೇ ಮರುಮುದ್ರಿಸಿ. ಓದುಗರಿಗೆ ಹೇಳಿ, ಅಜ್ಜನ ಕಿರ್ದಿ, ಡೈರಿ, ಪಂಚಾಂಗದ ಅಂಚಲ್ಲಿ ಬರೆದ ಟಿಪ್ಪಣಿ, ಮದುವೆ ಮನೆಯಿಂದ ಬರೆದ ಕಾಗದ ಇದ್ರೆ ಫೋಟೋ ತೆಗೆದು ಕಳಿಸಿ ಅಂತ. ರದ್ದಿಯವನ ತಕ್ಕಡಿಗೆ ಹೋಗೋಕೆ ಮೊದಲು ಒಂದ್ಸಲ ಪುಟ ತಿರುಗಿಸಿ ಅಂತ. ಊರ ಹೆಸರು, ತಾರೀಕು, ಮೂಲದಲ್ಲಿ ಇದ್ದ ಮಾತು ಮೂರೂ ಇರಲಿ, ಈಗಿನವರು ಲೆಕ್ಕ ಹಾಕಿ ಊಹಿಸಿದ್ದನ್ನ ಮಾತ್ರ ಊಹೆ ಅಂತಲೇ ಬೇರೆ ಗುರುತು ಹಾಕಿ, ಬಳ್ಳಾರಿಯ 1843ರ ಪ್ರಮಾಣ ಹಿಡಿದು ಕೊಪ್ಪಳದಲ್ಲಿ ತೀವ್ರತೆ ಇಷ್ಟಿರಬಹುದು ಅಂತ ಕಂಪ್ಯೂಟರಲ್ಲಿ ತೆಗೀಬಹುದು, ಆದ್ರೆ ಕೊಪ್ಪಳದವರು ಕಂಡಿದ್ದು ಅಂತ ಅದನ್ನ ಬರೀಬಾರದು.

ನಮ್ಮೂರಿಂದು ನಾನೇ ಶುರು ಮಾಡ್ತೀನಿ, ಜಾಗ ಇದ್ರೆ ಹಾಕಿ.

ಆಳಂದ ತಾಲ್ಲೂಕು, ಊರ ಹೆಸರು ಬೇರೆ ಹಾಳೆಯಲ್ಲಿದೆ. 1993 ಸೆಪ್ಟೆಂಬರ್ 30, ಬೆಳಗಿನ ಜಾವ. ಎರೆಮಣ್ಣಿನ ನೆಲ, ಕಲ್ಲು-ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಮೊದಲು ಸದ್ದು, ಆಮೇಲೆ ಅಲುಗಾಟ. ಮನೆಯಲ್ಲಿ ಮಲಗಿದ್ದ ಎಲ್ಲರಿಗೂ ಎಚ್ಚರ ಆಯ್ತು. ಅಟ್ಟದ ಕೊಡ ಗಣಗಣ ಅಂದ್ವು, ಬೀಳಲಿಲ್ಲ. ಹಿತ್ತಲ ಗೋಡೆ ಬಿತ್ತು, ಆಳೆತ್ತರದ್ದು, ಅಕ್ಟೋಬರ್ 4ರ ಕಿರ್ದಿಯಲ್ಲಿ ದುರಸ್ತಿ ಕೂಲಿ ಇದೆ. ಮನೆಯ ಮುಖ್ಯ ಗೋಡೆಗೆ ದೀಪದ ಗೂಡಿನ ಮೇಲಿಂದ ಜಂತಿವರೆಗೆ ಬಿರುಕು, ಈಗಲೂ ಇದೆ, ಫೋಟೋ ಇಟ್ಟಿದೀನಿ. ಜನಕ್ಕೆ, ದನಕ್ಕೆ ಏನೂ ಆಗಿಲ್ಲ. ಊರಿನ ಹದಿನಾಲ್ಕು ಹಿರಿಯರನ್ನ ಕೇಳಿದೀನಿ, ಹನ್ನೆರಡು ಜನಕ್ಕೆ ಎಚ್ಚರ ಆಗಿತ್ತು, ಇಬ್ಬರು ಬೆಳಿಗ್ಗೆ ಏಳೋವರೆಗೂ ಗೊತ್ತಿರಲಿಲ್ಲ ಅಂದ್ರು, ಅವರಿಬ್ಬರ ಮನೆಯೂ ಊರಾಚೆ ಬಂಡೆ ಮೇಲಿನ ಓಣಿಯಲ್ಲಿದೆ. 1967ರ ಕೊಯ್ನಾ ಬಗ್ಗೆ ಕೇಳಿದ್ದಕ್ಕೆ ಒಬ್ಬ ಅಜ್ಜಿ ಮಾತ್ರ, ಚಳಿಗಾಲದಾಗ ಒಂದಿನ ನಸುಕಿನ್ಯಾಗ ತೊಟ್ಟಿಲು ತಾನೇ ತೂಗಿತ್ತು ಅಂದ್ರು, ವರ್ಷ ನೆನಪಿಲ್ಲ, ಹೊಟ್ಟೇಲಿದ್ದದ್ದು ಎರಡನೇ ಮಗ ಅಂತಷ್ಟೇ ಹೇಳಿದ್ರು. ಆ ಮಗನ ಶಾಲಾ ದಾಖಲೆಯಲ್ಲಿ ಹುಟ್ಟಿದ್ದು 1968ರ ಮಾರ್ಚ್. ಕೊಯ್ನಾ ಅಂತ ನಾನು ಬರೆದಿಲ್ಲ, ಅವರು ಹೇಳಿದ್ದನ್ನೂ ಮಗನ ಹುಟ್ಟಿದ ತಿಂಗಳನ್ನೂ ಮಾತ್ರ ಬರೆದಿದೀನಿ.

ಇಂತಿ ನಿಮ್ಮ ಹಳೇ ಓದುಗ,
ನಿವೃತ್ತ ವಿಜ್ಞಾನ ಶಿಕ್ಷಕ, ಕಲಬುರಗಿ